ಪದಬಂಧ: ರಾತ್ರಿ 8ರವರೆಗೆ ಉತ್ತರ ಬೇಡ

ಎಲ್ಲರಿಗೂ ನಮಸ್ಕಾರ. ನಾಳೆಯಿಂದ ದಿನದ ಪದಬಂಧ ಬೆಳಿಗ್ಗೆ 7ಕ್ಕೆ ಬರುತ್ತದೆ. ರಾತ್ರಿ 8ರವರೆಗೆ ಯಾರೂ ಉತ್ತರ ಹಾಕಬೇಡಿ, ಸುಳಿವಿಗೆ ಸುಳಿವೂ ಬೇಡ! ಮುಗಿಸಿದವರು ಹೆಬ್ಬೆರಳು ಒತ್ತಿದರೆ ಸಾಕು. ವಿಮರ್ಶೆ ಆಮೇಲೆ.

ಇವತ್ತಿನ ವಿಷಯ ಹಕ್ಕಿಗಳು ಅಲ್ವಾ? ‘ಹಾವಿನ ವೈರಿ’, 3 ಮನೆ. ಸುಮಾರು ಜನ ‘ಮುಂಗುಸಿ’ ಬರೆದಿದ್ದೀರಿ. ಮನೆಗೇನೋ ಸರಿಯಾಗಿ ಕೂರುತ್ತದೆ, ರೆಕ್ಕೆ ಎಲ್ಲಿದೆ? ಉತ್ತರ ‘ಗರುಡ’. ಆ ‘ಗ’ ಸಿಕ್ಕಿದ್ದರೆ ಅಡ್ಡಸಾಲಿನಲ್ಲಿ ‘ಮರಕುಟುಕ’ ಹೋಗಿ ‘ಮರಕುಟಿಗ’ ಬರುತ್ತಿತ್ತು. ಎರಡಕ್ಕೂ 5 ಮನೆಯೇ. ನಾನೂ ಎಡವಿದ್ದೆ ಬಿಡಿ.

ವಿಮರ್ಶೆಯಲ್ಲಿ ಸುಮ್ನೆ ‘ಸುಲಭ’ ಎನ್ನಬೇಡಿ. ಯಾವ ಸುಳಿವು ಕಾಡಿತು, ಯಾವುದು ವಿಷಯಕ್ಕೆ ಹೊಂದಲಿಲ್ಲ, ಅದನ್ನು ಹೇಳಿ.

ಭಾನುವಾರದ ಪದಬಂಧ ಕಟ್ಟಲು ಒಬ್ಬರು ಬೇಕು. ಯಾರು ಸಿದ್ಧ? ಇವತ್ತೇ ತಿಳಿಸಿ.