ಮದುವೆಗಿಂತ ಮೊದಲು ಕರಾರು ಓದು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್ ಆಫ್ ಬ್ರಗಾಂಜಾ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನನ್ನು ಮದುವೆಯಾದ ಬಗ್ಗೆ ನೀನು ಬರೆದ ಕರಡು ತಲುಪಿತು. ಎರಡು ಸಲ ಓದಿದೆ. ಕೈ ಚೆನ್ನಾಗಿ ಓಡಿದೆ, ಆದರೆ ಮುಕ್ಕಾಲು ಪಾಲು ಉಡುಗೆ, ಮೆರವಣಿಗೆ, ಮುನಿಸುಗಳೇ ತುಂಬಿವೆ. ಅರಮನೆ ಮದುವೆ ಬಗ್ಗೆ ಬರೆಯುವವರು ಮೊದಲು ಕರಾರುಪತ್ರ ಬಿಚ್ಚಬೇಕು ಕಣಮ್ಮ. ಯಾರು ಯಾರಿಗೆ ಏನು ಕೊಡಬೇಕಿತ್ತು, ಎಷ್ಟು ಕಂತಿನಲ್ಲಿ, ಕೊಟ್ಟರೋ ಇಲ್ಲವೋ, ಕೊಡದಿದ್ದರೆ ಏನಾಗಬೇಕೆಂದು ಬರೆದಿತ್ತು ಅನ್ನುವುದು ಗೊತ್ತಾದರೆ ಮುನಿಸಿಗೂ ಅರ್ಥ ಬರುತ್ತದೆ.

ಕ್ಯಾಥರೀನಳದ್ದನ್ನೇ ನೋಡು. ಕರಾರು ಆದದ್ದು 1661ರ ಜೂನ್ 23ಕ್ಕೆ. ಹೆಣ್ಣಿನ ಕಡೆಯಿಂದ 20 ಲಕ್ಷ ಕ್ರುಜಾಡೊ (ಪೋರ್ಚುಗೀಸರ ನಾಣ್ಯ) ಹಣ, ಆಫ್ರಿಕಾ ದಡದ ತಾಂಜಿಯರ್, ನಮ್ಮ ಕಡಲಿನ ಬೊಂಬಾಯಿ, ಜೊತೆಗೆ ಪೋರ್ಚುಗೀಸರ ನೆಲೆಗಳಲ್ಲಿ ವ್ಯಾಪಾರದ ಹಕ್ಕು. ಗಂಡಿನ ಕಡೆಯಿಂದ ಸ್ಪೇನಿನ ವಿರುದ್ಧ ಸೈನ್ಯ ಮತ್ತು ಹಡಗು. ಇಷ್ಟು ದೊಡ್ಡ ವರದಕ್ಷಿಣೆ ಯಾಕೆ ಅಂದರೆ, ಪೋರ್ಚುಗಲ್ ಸ್ಪೇನಿನ ಹಿಡಿತ ಬಿಡಿಸಿಕೊಂಡದ್ದೇ 1640ರಲ್ಲಿ. ಇಪ್ಪತ್ತು ವರ್ಷ ಕಳೆದರೂ ಸ್ಪೇನ್ ಅವರನ್ನು ಸ್ವತಂತ್ರರೆಂದು ಒಪ್ಪಿರಲಿಲ್ಲ, ಪೋಪ್ ಕೂಡ ಒಪ್ಪಿರಲಿಲ್ಲ. ಇತ್ತ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ 1660ರಲ್ಲಷ್ಟೇ ಗಡೀಪಾರಿನಿಂದ ವಾಪಸು ಬಂದು ಸಿಂಹಾಸನ ಏರಿದ್ದ, ಬೊಕ್ಕಸ ಖಾಲಿ. ಬೀಗರಿಬ್ಬರೂ ಅಡಚಣೆಯಲ್ಲಿದ್ದವರೇ. ಹೆಣ್ಣನ್ನು ಕರೆದೊಯ್ಯಲು ಇಂಗ್ಲಿಷ್ ಹಡಗುಗಳು ಲಿಸ್ಬನ್ನಿಗೆ ಹೋದಾಗ ರೊಕ್ಕ ಪೂರ್ತಿ ಸಿದ್ಧವಿರಲಿಲ್ಲ, ಒಂದು ಪಾಲಿಗೆ ಸಕ್ಕರೆ ಮತ್ತಿತರ ಸರಕು ಹೇರಿ ಕಳಿಸಿದರು. ನಿನ್ನ ಕರಡಿನಲ್ಲಿ "ಅಪಾರ ಸಂಪತ್ತಿನೊಡನೆ ಬಂದಳು" ಅಂತಿದೆ. ಅದನ್ನು ಹೊಡೆದುಹಾಕಿ ಸಕ್ಕರೆಯ ಮಾತು ಬರೆ.

ಬೊಂಬಾಯಿ ವಿಷಯವನ್ನು ನೀನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀ. ನನ್ನ ಲೆಕ್ಕದಲ್ಲಿ ಇಡೀ ಲೇಖನದ ಬೆನ್ನೆಲುಬು ಅಲ್ಲೇ ಇದೆ. ಕರಾರಿನ ಹನ್ನೊಂದನೆಯ ಕಲಮು ಬೊಂಬಾಯಿಯ ಬಂದರು ಮತ್ತು ದ್ವೀಪವನ್ನು, ಅದಕ್ಕೆ ಸೇರಿದ ಹಕ್ಕು, ಪ್ರದೇಶಗಳ ಸಮೇತ ಕೊಡುತ್ತದೆ. ಸೇರಿದ್ದು ಅಂದರೆ ಯಾವುದು? ಚಕ್ಕುಬಂದಿ ಬರೆಯದ ಕ್ರಯಪತ್ರ ಇದು. ಇಂಗ್ಲಿಷರು ಪಕ್ಕದ ಸಾಲ್ಸೆಟ್ ದ್ವೀಪವೂ ಸೇರಿದೆ ಅಂದರು, ಪೋರ್ಚುಗೀಸರು ಆ ಒಂದೇ ದ್ವೀಪ ಅಂದರು. 1662ರ ಸೆಪ್ಟೆಂಬರಿನಲ್ಲಿ ಇಂಗ್ಲಿಷರ ಕಡೆಯ ಅಬ್ರಹಾಂ ಶಿಪ್‌ಮನ್ ಸಿಪಾಯಿಗಳೊಂದಿಗೆ ಬಂದಿಳಿದರೆ, ನಿನ್ನ ಕಾಗದಪತ್ರ ಸರಿಯಿಲ್ಲ ಅಂತ ಪೋರ್ಚುಗೀಸ್ ವೈಸರಾಯ್ ಜಾಗ ಬಿಡಲಿಲ್ಲ. ಸೂರತ್ತಿನ ಇಂಗ್ಲಿಷ್ ಕೋಠಿಯವರು ಮೊಗಲರ ಕೋಪಕ್ಕೆ ಹೆದರಿ ಸೇರಿಸಿಕೊಳ್ಳಲಿಲ್ಲ. ಕೊನೆಗೆ ಶಿಪ್‌ಮನ್ ಕಡೆಯವರು ಬೀಡುಬಿಟ್ಟದ್ದು ಎಲ್ಲಿ ಗೊತ್ತೇ? ಕಾರವಾರದ ಹತ್ತಿರದ ಅಂಜದೀವದಲ್ಲಿ. ಆ ಪುಟ್ಟ ದ್ವೀಪದಲ್ಲಿ ಕಾಯಿಲೆಗೆ ಬಿದ್ದು ಸಿಪಾಯಿಗಳಲ್ಲಿ ಬಹುಪಾಲು ಸತ್ತರು, 1664ರಲ್ಲಿ ಶಿಪ್‌ಮನ್ನೂ ಸತ್ತ. ಅವನ ಕಾರ್ಯದರ್ಶಿ ಹಂಫ್ರಿ ಕುಕ್ 1665ರ ಫೆಬ್ರವರಿಯಲ್ಲಿ, ಪೋರ್ಚುಗೀಸರು ಹೇಳಿದ ಷರತ್ತಿಗೆಲ್ಲ ಒಪ್ಪಿ, ಬೊಂಬಾಯಿಯೊಂದನ್ನೇ ಕೈಗೆ ತೆಗೆದುಕೊಂಡ. ಮೂರು ವರ್ಷಕ್ಕೆ ರಾಜನಿಗೆ ಅದು ಬರೀ ಖರ್ಚಿನ ಬಾಬತ್ತಾಗಿ, 1668ರ ಮಾರ್ಚ್ 27ರ ಸನ್ನದಿನಲ್ಲಿ ವರ್ಷಕ್ಕೆ 10 ಪೌಂಡ್ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ತಾಂಜಿಯರನ್ನು 1684ರಲ್ಲಿ ಬಿಟ್ಟೇ ಬಂದರು. ಕನ್ನಡದಲ್ಲಿ ಬರೆಯುವವಳು ಅಂಜದೀವವನ್ನು ಬಿಟ್ಟರೆ ಹೇಗಮ್ಮ?

ಇನ್ನು ತಾರೀಖು. ಕ್ಯಾಥರೀನಳ ಮದುವೆಗೆ ಒಂದು ಕಡೆ ಮೇ 21, ಇನ್ನೊಂದು ಕಡೆ ಮೇ 31 ಹಾಕಿದ್ದೀ. ಎರಡೂ ತಪ್ಪಲ್ಲ, ಒಂದೇ ದಿನ. ಪೋರ್ಚುಗಲ್ 1582ರಲ್ಲೇ ಹೊಸ ಪಂಚಾಂಗಕ್ಕೆ ಬಂತು, ಇಂಗ್ಲೆಂಡ್ ಬಂದದ್ದು 1752ರಲ್ಲಿ. 17ನೆಯ ಶತಮಾನದಲ್ಲಿ ವ್ಯತ್ಯಾಸ 10 ದಿನ. ಅದಕ್ಕಿಂತ ಮೋಸ ಮಾಡುವುದು ವರ್ಷ. ಹಳೆಯ ಇಂಗ್ಲಿಷ್ ದಾಖಲೆಯಲ್ಲಿ ವರ್ಷ ಶುರುವಾಗುವುದು ಮಾರ್ಚ್ 25ಕ್ಕೆ, ಹಾಗಾಗಿ ಒಂದನೆಯ ಚಾರ್ಲ್ಸನ ತಲೆ ಕಡಿದದ್ದು ಅಲ್ಲಿ 1648ರ ಜನವರಿ, ನಮಗೆ 1649. ಯಾವ ಲೆಕ್ಕ ಹಿಡಿದಿದ್ದೀ ಅಂತ ಶುರುವಿನಲ್ಲೇ ಒಂದು ಸಾಲು ಹಾಕಿ, ಕೊನೆತನಕ ಅದನ್ನೇ ಹಿಡಿ. ಒಂದೇ ಜೋಡಿಗೆ ಎರಡು ಮದುವೆ ದಿನ ಸಿಕ್ಕಿ, ನಡುವೆ ವಾರಗಟ್ಟಲೆ ಅಂತರವಿದ್ದರೆ ಅದು ಪಂಚಾಂಗದ ಆಟವಲ್ಲ, ಬದಲಿ ವರನ ಶಾಸ್ತ್ರ. ಆಸ್ಟ್ರಿಯದಿಂದ ಫ್ರಾನ್ಸಿಗೆ ಮದುವೆಯಾಗಿ ಹೋದ ಮರೀ ಆಂಟೊನೆಟ್‌ಗೆ 1770ರ ಏಪ್ರಿಲ್ 19ರಂದು ವಿಯೆನ್ನಾದಲ್ಲಿ ವರನ ಜಾಗದಲ್ಲಿ ನಿಂತವನು ಅವಳ ಸ್ವಂತ ಅಣ್ಣ. ನಿಜವಾದ ವರನ ಮುಖ ನೋಡಿದ್ದು, ವರ್ಸೇಯಲ್ಲಿ ಮದುವೆಯಾದದ್ದು ಮೇ ತಿಂಗಳಲ್ಲಿ. ಕ್ಯಾಥರೀನಳಿಗೆ ಲಿಸ್ಬನ್ನಿನಲ್ಲಿ ಆ ಶಾಸ್ತ್ರ ಆಗಲಿಲ್ಲ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಒಂದೇ ದಿನ ಎರಡು ಸಲ: ಮೊದಲು ಅವಳ ಕೋಣೆಯಲ್ಲಿ ಗುಟ್ಟಾಗಿ ಕ್ಯಾಥೊಲಿಕ್ ವಿಧಿ, ಆಮೇಲೆ ಎಲ್ಲರೆದುರು ಇಂಗ್ಲಿಷ್ ಚರ್ಚಿನ ವಿಧಿ.

ಸಂಬಂಧ ಬರೆಯುವಾಗ "ಕಸಿನ್" ಅಂತ ಬರೆದು ಕೈತೊಳೆದುಕೊಳ್ಳಬೇಡ. ನಮ್ಮ ಭಾಷೆಯಲ್ಲಿ ಇದಕ್ಕೆ ಚೊಕ್ಕ ಮಾತುಗಳಿವೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ತನ್ನ ಹೆಂಡತಿ ಸ್ಪೇನಿನ ಮರಿಯಾ ತೆರೆಸಾಗೆ ಸೋದರತ್ತೆಯ ಮಗನೂ ಹೌದು, ಸೋದರಮಾವನ ಮಗನೂ ಹೌದು. 1615ರಲ್ಲಿ ಎರಡೂ ಮನೆಯವರು ಹೆಣ್ಣು ಕೊಟ್ಟು ಹೆಣ್ಣು ತಂದಿದ್ದರ ಫಲ ಅದು. ಅವಳ ಅಪ್ಪ ನಾಲ್ಕನೆಯ ಫಿಲಿಪ್ ಎರಡನೆಯ ಮದುವೆಯಾದದ್ದು ತನ್ನ ತಂಗಿಯ ಮಗಳು ಮರಿಯಾನಾಳನ್ನು, ಅದೂ ತೀರಿಹೋದ ತನ್ನ ಮಗನಿಗೆಂದು ಗೊತ್ತುಮಾಡಿದ್ದ ಹುಡುಗಿಯನ್ನು. ಸೋದರಮಾವನಿಗೆ ಕೊಡುವುದು ನಮ್ಮ ಓದುಗರಿಗೆ ಹೊಸದಲ್ಲ. ಅಲ್ಲಿ ಕೆಟ್ಟದ್ದು ಅದೊಂದರಿಂದಲ್ಲ, ತಲೆಮಾರು ತಲೆಮಾರು ಸ್ಪೇನ್ ಮತ್ತು ಆಸ್ಟ್ರಿಯದ ಅದೇ ಎರಡು ಮನೆಗಳ ನಡುವೆ ಸುತ್ತಿದ್ದರಿಂದ. ಅವರ ಮಗ ಸ್ಪೇನಿನ ಎರಡನೆಯ ಚಾರ್ಲ್ಸ್ ಹುಟ್ಟಿನಿಂದ ರೋಗಿಷ್ಠ, ಎರಡು ಮದುವೆಯಾದರೂ ಮಕ್ಕಳಿಲ್ಲದೆ 1700ರಲ್ಲಿ ಸತ್ತ. ಅಂದಹಾಗೆ ನಿನ್ನ ಕಥೆಯ ಎರಡನೆಯ ಚಾರ್ಲ್ಸ್ ಬೇರೆ, ಇವನು ಬೇರೆ. ಪ್ರತಿ ಸಲವೂ ದೇಶದ ಹೆಸರು ಸೇರಿಸು.

ಆ ಮರಿಯಾ ತೆರೆಸಾಳ ಕರಾರನ್ನು ಪಕ್ಕದಲ್ಲಿಟ್ಟು ನೋಡು, ಹೋಲಿಕೆಗೆ ಒಳ್ಳೆಯದು. 5 ಲಕ್ಷ ಚಿನ್ನದ ಎಕ್ಯು ನಾಣ್ಯ ವರದಕ್ಷಿಣೆ, ಕಂತಿನಲ್ಲಿ. ಅವಳು ಸ್ಪೇನಿನ ಮೇಲಿನ ಹಕ್ಕು ಬಿಡಬೇಕು. ಆದರೆ ಫ್ರೆಂಚರ ಕಡೆಯವರು "ಮ್ವಾಯೆನಾಂ" ಅನ್ನುವ ಒಂದು ಪದ ತೂರಿಸಿದರು: ಹಣ ಸಂದರೆ ಹಕ್ಕು ಬಿಟ್ಟಂತೆ ಅಂತ. ಹಣ ಸಲ್ಲಲಿಲ್ಲ. ಫಿಲಿಪ್ 1665ರಲ್ಲಿ ಸತ್ತ, 1667ರಲ್ಲಿ ಲೂಯಿಯ ಸೈನ್ಯ ಸ್ಪೇನಿನ ಕೈಯಲ್ಲಿದ್ದ ನೆದರ್ಲೆಂಡ್ಸಿಗೆ ನುಗ್ಗಿತು.

ಮುನಿಸಿನ ಭಾಗದಲ್ಲಿ ಒಂದನ್ನು ಮಾತ್ರ ಉಳಿಸಿಕೋ. ರಾಣಿಯ ಅಂತಃಪುರದ ಹೆಂಗಸರ ಪಟ್ಟಿಯಲ್ಲಿ ಗಂಡನ ಪ್ರೇಯಸಿ ಬಾರ್ಬರಾಳ ಹೆಸರು ಕಂಡು ಕ್ಯಾಥರೀನ್ ಅದನ್ನು ಹೊಡೆದುಹಾಕಿದ್ದು. ಚಾರ್ಲ್ಸ್ ಬಾರ್ಬರಾಳನ್ನು ಎದುರಿಗೇ ತಂದು ನಿಲ್ಲಿಸಿದಾಗ ಕ್ಯಾಥರೀನಳ ಮೂಗಿನಿಂದ ರಕ್ತ ಸುರಿದು ಪ್ರಜ್ಞೆ ತಪ್ಪಿತು. ಕೊನೆಗೆ ಅವಳೇ ಮಣಿಯಬೇಕಾಯಿತು. ತವರಿನ ಯುದ್ಧಕ್ಕೆ ಈ ಗಂಡನ ಸೈನ್ಯ ಬೇಕಿತ್ತಲ್ಲ. ಮಕ್ಕಳಾಗಲಿಲ್ಲವೆಂದು ಅವಳನ್ನು ಬಿಡುವಂತೆ ಎಷ್ಟು ಒತ್ತಾಯ ಬಂದರೂ ಚಾರ್ಲ್ಸ್ ಬಿಡಲಿಲ್ಲ, ಅದನ್ನೂ ಬರೆ.

ಇಂಗ್ಲೆಂಡಿಗೆ ಚಹಾ ತಂದವಳೇ ಅವಳು ಅನ್ನುವ ಸಾಲು ತೆಗೆ. ಸಾಮ್ಯುಯೆಲ್ ಪೆಪೀಸ್ 1660ರ ಸೆಪ್ಟೆಂಬರಿನಲ್ಲೇ ಲಂಡನ್ನಿನಲ್ಲಿ ಚಹಾ ಕುಡಿದದ್ದನ್ನು ದಿನಚರಿಯಲ್ಲಿ ಬರೆದಿದ್ದಾನೆ. ಅವಳಿಂದ ಆದದ್ದು ಆಸ್ಥಾನದಲ್ಲಿ ಅದರ ರೂಢಿ ಹೆಚ್ಚಿದ್ದು ಅಷ್ಟೇ.

ಇಷ್ಟು ತಿದ್ದಿ, ಅಂಜದೀವದ ಭಾಗ ಬೆಳೆಸಿ, ಮತ್ತೆ ಕಳಿಸು. ಅಮ್ಮನಿಗೆ ನಾನು ಕೇಳಿದೆ ಅಂತ ಹೇಳು.

ನಿನ್ನ
ದೊಡ್ಡಪ್ಪ