ತೊರೆಯೊಳಗಿನ ತರಗೆಲೆ ಕಸವಲ್ಲ

ಮಾನ್ಯ ಸಂಪಾದಕರೇ,

ಹಳ್ಳ, ತೊರೆಗಳ ಸ್ವಚ್ಛತೆಗೆ ಇಳಿದವರು ಪ್ಲಾಸ್ಟಿಕ್ ಜೊತೆಗೆ ತರಗೆಲೆ, ಒಣಕೊಂಬೆಗಳನ್ನೂ ಬಾಚಿ ದಡಕ್ಕೆ ಹಾಕುತ್ತಾರೆ. ಪ್ಲಾಸ್ಟಿಕ್ ಹೋಗಲೇಬೇಕು. ಎಲೆ ಮಾತ್ರ ಅಲ್ಲೇ ಇರಲಿ. ಕಾಡಿನ ನೆರಳಲ್ಲಿ ಹರಿಯುವ ಸಣ್ಣ ತೊರೆಗೆ ಬಿಸಿಲು ಬೀಳುವುದೇ ಕಡಿಮೆ, ಪಾಚಿಯೂ ಹೆಚ್ಚು ಬೆಳೆಯದು. ಅಲ್ಲಿನ ಜೀವಿಗಳ ಮುಖ್ಯ ಆಹಾರ ದಡದ ಮರ ಉದುರಿಸುವ ಎಲೆಯೇ.

ನೀರಿಗೆ ಬಿದ್ದ ಎಲೆಯಿಂದ ಮೊದಲ ಒಂದೆರಡು ದಿನದಲ್ಲೇ ಸಕ್ಕರೆ, ಟ್ಯಾನಿನ್ ಎಂಬ ಒಗರು ಅಂಶ, ಪೊಟ್ಯಾಸಿಯಂ ಸೋರಿಹೋಗುತ್ತವೆ. ಕೆಲವು ಜಾತಿಯ ಎಲೆಗಳಲ್ಲಿ ಒಣತೂಕದ ಸುಮಾರು ಕಾಲುಭಾಗವೇ ಹೀಗೆ ಕರಗುತ್ತದೆ. ಆಮೇಲೆ ಶಿಲೀಂಧ್ರಗಳು ಎಲೆಯೊಳಗೆ ಬೆಳೆದು ನಾರನ್ನು ಮೆತ್ತಗಾಗಿಸುತ್ತವೆ, ನೀರಿನ ಸಾರಜನಕವನ್ನು ಹೀರಿ ಎಲೆಗೆ ಕಸುವು ತುಂಬುತ್ತವೆ. ಹೀಗೆ ಹದವಾದ ಎಲೆಯನ್ನೇ ಕೀಟಗಳ ಮರಿಹುಳುಗಳು, ಏಡಿ, ಸಿಗಡಿಗಳು ಹರಿದು ತಿನ್ನುವುದು. ಅವು ಬಿಟ್ಟ ಚೂರು, ಹಿಕ್ಕೆ ಕೆಳಗಿನ ಹರಿವಿನ ಜೀವಿಗಳಿಗೆ ಆಹಾರ. ಅಮೆರಿಕದ ಕೊವೀಟಾ ಅರಣ್ಯ ಸಂಶೋಧನಾ ಕೇಂದ್ರದಲ್ಲಿ 1993ರಿಂದ ಒಂದು ತೊರೆಗೆ ಬಲೆ ಹೊದಿಸಿ ಎಲೆ ಬೀಳದಂತೆ ತಡೆದಾಗ ಎಲೆ ತಿನ್ನುವ ಕೀಟಗಳಷ್ಟೇ ಅಲ್ಲ, ಅವನ್ನು ಬೇಟೆಯಾಡುವವೂ ಕ್ಷೀಣಿಸಿದವು.

ಹಾಗೆಂದು ಹೊಲದ ಕಳೆ, ಹಸಿ ಹುಲ್ಲು, ಬೆಳೆಯ ಉಳಿಕೆಯನ್ನು ಹಳ್ಳಕ್ಕೆ ಸುರಿಯಬಾರದು. ಕಾಡಿನ ಎಲೆ ಬಿಡಿಬಿಡಿಯಾಗಿ ಬಿದ್ದು ಕಲ್ಲಿನ ಸಂದಿಯಲ್ಲಿ ನಿಲ್ಲುತ್ತದೆ. ಹೊಲದ್ದು ಒಮ್ಮೆಲೇ ರಾಶಿಯಾಗಿ ಬೀಳುತ್ತದೆ, ಮೆತ್ತಗಿರುವುದರಿಂದ ಬೇಗ ಕೊಳೆತು ನೀರಿನ ಆಮ್ಲಜನಕ ಹೀರುತ್ತದೆ. ಹರಿವು ನಿಧಾನವಿದ್ದಲ್ಲಿ ಆಮ್ಲಜನಕ ಲೀಟರಿಗೆ 5 ಮಿ.ಗ್ರಾಂಗಿಂತ ಕೆಳಗಿಳಿದರೆ ಬಹಳಷ್ಟು ಮೀನುಗಳಿಗೆ ಕಷ್ಟ. ರಾಶಿಯ ಒಳಭಾಗ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಆಮ್ಲಜನಕ ಮುಗಿದಿದೆ ಎಂದರ್ಥ. ಹೊಲದಿಂದ ಕೊಚ್ಚಿಬರುವ ಮಣ್ಣಿನ ಕೇಡು ಇನ್ನೂ ದೊಡ್ಡದು, ಅದನ್ನು ಗಮನಿಸುವವರೇ ಕಡಿಮೆ. ಹೂಳಿನಡಿ ಸಿಕ್ಕ ಎಲೆಯಲ್ಲಿ ಶಿಲೀಂಧ್ರ ಸರಿಯಾಗಿ ಬೆಳೆಯದು, ಹುಳುಗಳಿಗೂ ಅದು ಎಟುಕದು.

ತೊರೆಯ ಆರೋಗ್ಯ ತಿಳಿಯಲು ಶಾಲಾ ಮಕ್ಕಳೂ ಮಾಡಬಹುದಾದ ಪರೀಕ್ಷೆಯಿದೆ. ಒಂದೇ ಜಾತಿಯ ಮರದಿಂದ ಆಗಷ್ಟೇ ಉದುರಿದ ಎಲೆ ಆರಿಸಿ ನೆರಳಲ್ಲಿ ಒಣಗಿಸಿ. ತಲಾ 5 ಗ್ರಾಂನಂತೆ 10 ಮಿ.ಮೀ. ಮತ್ತು 0.5 ಮಿ.ಮೀ. ಕಣ್ಣಿನ ಬಲೆಚೀಲಗಳಲ್ಲಿ ಸಡಿಲವಾಗಿ ತುಂಬಿ ಕಲ್ಲಿಗೆ ಕಟ್ಟಿ ಮುಳುಗಿಸಿ. 2, 7, 14, 28ನೇ ದಿನ ಎರಡೂ ಬಗೆಯ ನಾಲ್ಕು ನಾಲ್ಕು ಚೀಲ ತೆಗೆದು ಮಣ್ಣು ತೊಳೆದು, 60 ಡಿಗ್ರಿಯಲ್ಲಿ 48 ಗಂಟೆ ಒಣಗಿಸಿ ತೂಗಿ. ಮೊದಲ ದಿನವೇ ನಾಲ್ಕು ಚೀಲಗಳನ್ನು ನೀರಿಗಿಳಿಸದೆ ಹೀಗೇ ಒಣಗಿಸಿ ತೂಗಿದರೆ ಹೋಲಿಕೆಗೆ ಮೂಲ ತೂಕ ಸಿಗುತ್ತದೆ. ದೊಡ್ಡ ಕಣ್ಣಿನ ಚೀಲದೊಳಗೆ ಹುಳುಗಳು ನುಗ್ಗಬಲ್ಲವು, ಸಣ್ಣದರೊಳಗೆ ಹೆಚ್ಚಿನವಕ್ಕೆ ಆಗದು. ದೊಡ್ಡದರಲ್ಲಿ ಎಲೆ ಬೇಗ ಸವೆದು ಸಣ್ಣದರಲ್ಲಿ ಉಳಿದರೆ ಅದರಲ್ಲಿ ಹುಳುಗಳ ಪಾಲು ದೊಡ್ಡದು. ಎರಡರಲ್ಲೂ ಸಮನಾಗಿದ್ದರೆ ತಿನ್ನುವ ಹುಳುಗಳೇ ಇಲ್ಲವೇನೋ ಎಂದು ಅನುಮಾನಿಸಬೇಕು. ಮಣ್ಣು ಪೂರ್ತಿ ಹೋಗದಿದ್ದರೆ ತೂಕ ಸುಳ್ಳು ಹೇಳುತ್ತದೆ.

ಸ್ವಚ್ಛತಾ ಕೆಲಸ ವಹಿಸುವವರು ಮೋರಿಗೆ ಅಡ್ಡಬಿದ್ದ ಕೊಂಬೆಗಳನ್ನಷ್ಟೇ ತೆಗೆಸಲಿ, ಎಲೆ ಹಿಡಿದಿಡುವ ದಿಮ್ಮಿ, ಕಲ್ಲುಗಳನ್ನು ಕದಲಿಸದಿರಲಿ. ದಡದಿಂದ ಕನಿಷ್ಠ 10 ಮೀಟರ್ ಮಿಶ್ರ ಜಾತಿಯ ಮರಗಳಿಗೆ ಬಿಡಬೇಕು. ಬೆಳೆಯ ಉಳಿಕೆ ನೆರೆನೀರು ಮುಟ್ಟದ ಎತ್ತರದಲ್ಲಿ ಗೊಬ್ಬರವಾಗಲಿ.