ಕಮಾನು ಬೇಡ, ತೇರುಬೀದಿ ಸರಿ ಮಾಡಿಸಿಕೊಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ,

ನಮ್ಮೂರ ದೇವಸ್ಥಾನದ ತೇರಿನ ಕೈವಾಡಸ್ಥರೆಲ್ಲರ ನಮಸ್ಕಾರಗಳು.

ತೇರುಬೀದಿಯ ಬಾಯಿಗೆ ಸ್ವಾಗತ ಕಮಾನು ಕಟ್ಟಿಸಲು ನಿಮ್ಮ ಪ್ರದೇಶಾಭಿವೃದ್ಧಿ ನಿಧಿಯಿಂದ ಹಣ ಕೊಡುವುದಾಗಿ ಗ್ರಾಮಸಭೆಯಲ್ಲಿ ಹೇಳಿದ್ದೀರಿ. ಜನ ಚಪ್ಪಾಳೆ ತಟ್ಟಿದ್ದೂ ನಿಜ. ಆದರೆ ತೇರು ಕಟ್ಟುವ, ಗಾಲಿಗೆ ಸನ್ನೆ (ತಡೆಯುವ ಮರದ ಗಟ್ಟೆ) ಕೊಡುವ, ಹಗ್ಗ ನೋಡಿಕೊಳ್ಳುವ ನಮ್ಮ ಬೇಡಿಕೆ ಬೇರೆ. ಆ ಕಮಾನು ಬೇಡ. ಅದೇ ದುಡ್ಡಿನಲ್ಲಿ ಬೀದಿಗೆ ಅಡ್ಡ ಹಾದಿರುವ 11 ಕೆವಿ (11 ಸಾವಿರ ವೋಲ್ಟಿನ) ತಂತಿಯನ್ನು ನೆಲದೊಳಕ್ಕೆ ಇಳಿಸಿಕೊಡಿ, ಗಾಲಿ ಓಡುವ ಜಾಗ ಗಟ್ಟಿ ಮಾಡಿಸಿಕೊಡಿ. ಕಮಾನಿನ ಎತ್ತರ 22 ಅಡಿಯಂತೆ. ಕಳಸ ಸೇರಿ 42 ಅಡಿ ಇರುವ ತೇರು ಅದರಡಿ ಹೇಗೆ ದಾಟಬೇಕು ಎಂದು ನಕ್ಷೆ ಬರೆದವರು ಊರಲ್ಲಿ ಒಬ್ಬರನ್ನೂ ಕೇಳಿಲ್ಲ.

ಮೊದಲು ತಂತಿಯ ವಿಚಾರ. ಬೀದಿಗೆ ಅಡ್ಡಲಾಗಿ ಹೋಗುವ 11 ಕೆವಿ ತಂತಿ ನೆಲದಿಂದ ಕನಿಷ್ಠ 6.1 ಮೀಟರ್ ಎತ್ತರದಲ್ಲಿರಬೇಕು ಎನ್ನುವುದು ನಿಯಮ. ಅಂದರೆ 20 ಅಡಿ. ಲಾರಿಗೆ, ಹುಲ್ಲಿನ ಗಾಡಿಗೆ ಅಷ್ಟು ಸಾಕು. ತೇರಿಗೆ ಅದು ಅರ್ಧಕ್ಕೂ ಬರುವುದಿಲ್ಲ. ನಮ್ಮ ಬೀದಿಯಲ್ಲಿ ತಂತಿ ಎರಡು ಕಡೆ ಅಡ್ಡ ಬರುತ್ತದೆ. ಹಾಗಾಗಿ ತೇರು ಎಳೆಯುವ ಪ್ರತಿ ದವನದ ಹುಣ್ಣಿಮೆಗೆ ಲೈನ್ ಆಫ್ ಮಾಡಿ, ಜಂಪರ್ (ಕಂಬದ ಮೇಲೆ ತಂತಿಗೆ ತಂತಿ ಜೋಡಿಸುವ ತುಂಡು) ಕತ್ತರಿಸಿ, ತಂತಿ ನೆಲಕ್ಕಿಳಿಸಿ, ತೇರು ಹೋಗಿ ಬಂದ ಮೇಲೆ ಮತ್ತೆ ಎತ್ತಿ ಕಟ್ಟುತ್ತಾರೆ. ಬಿಚ್ಚಿ ಕಟ್ಟಿದ ತಂತಿಯಲ್ಲಿ ಜಾಯಿಂಟ್ ಹೆಚ್ಚುತ್ತದೆ, ಬಿಗಿ ಮೊದಲಿನಂತೆ ಬರುವುದಿಲ್ಲ. ಬೇಸಿಗೆಯ ಬಿಸಿಲಿಗೆ ತಂತಿ ಹಿಗ್ಗಿ ಮೊದಲೇ ಜೋಲುತ್ತದೆ. ಹಾಗಾಗಿ ವರ್ಷದಿಂದ ವರ್ಷಕ್ಕೆ ಅದು ಕೆಳಗೆ ಬರುತ್ತಿದೆಯೇ ಹೊರತು ಮೇಲೆ ಹೋಗುತ್ತಿಲ್ಲ.

ಅಪಾಯ ಇರುವುದು ಆಫ್ ಮಾಡುವುದರಲ್ಲಿ ಅಲ್ಲ, ಆಫ್ ಆಗಿದೆ ಎಂದು ನಂಬುವುದರಲ್ಲಿ. ಫೋನಿನಲ್ಲಿ 'ಲೈನ್ ಹೋಗಿದೆ ಎಳೀರಿ' ಎಂದರೆ ಸಾಲದು. ಜಾತ್ರೆ ಮಂಡಳಿಯ ಜನರೇಟರ್, ಅಂಗಡಿಯ ಜನರೇಟರ್ ಸರಿಯಾಗಿ ಬೇರ್ಪಡಿಸದೆ ಓಡುತ್ತಿದ್ದರೆ ಕರೆಂಟು ಮನೆಯಿಂದ ಹಿಮ್ಮುಖವಾಗಿ ಲೈನಿಗೆ ಹತ್ತುತ್ತದೆ; ಟ್ರಾನ್ಸ್‌ಫಾರ್ಮರ್ ಅದನ್ನು ಮತ್ತೆ 11 ಸಾವಿರ ವೋಲ್ಟಿಗೆ ಏರಿಸುತ್ತದೆ. ಆದ್ದರಿಂದ ತೇರು ಹಾಯುವ ಜಾಗದ ಎರಡೂ ಬದಿಯಲ್ಲಿ ಮೂರೂ ತಂತಿಗೆ ಅರ್ಥ್ ಕೊಟ್ಟಿರಬೇಕು. ಲೈನ್ ಕ್ಲಿಯರ್ (ಲೈನ್ ಬಂದ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ಪಡೆದ ಪವರ್‌ಮ್ಯಾನ್ ತೇರು ನೆಲೆ ಸೇರುವ ತನಕ ತೇರಿನ ಜೊತೆಗೇ ಇರಬೇಕು. ತೇರು ನಡುಬೀದಿಯಲ್ಲಿ ಸಿಕ್ಕಿಕೊಂಡು ಎರಡು ತಾಸು ತಡವಾದಾಗ 'ಮೋಟ್ರಿಗೆ ಕರೆಂಟು ಬಿಡಿ' ಎಂದು ಪಕ್ಕದ ಹಳ್ಳಿಗಳಿಂದ ಒತ್ತಡ ಶುರುವಾಗುವುದು ಎಲ್ಲ ಊರಲ್ಲೂ ಇದ್ದದ್ದೇ. ತುದಿಯಲ್ಲಿ ತಾಮ್ರದ ಕಳಸ, ಅದರ ಕೆಳಗೆ ನೀರು ಚಿಮುಕಿಸಿದ ಹೂವಿನ ಹಾರ, ಹಸಿ ಬಿದಿರು. ಕರೆಂಟಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ. 2022ರ ಏಪ್ರಿಲ್‌ನಲ್ಲಿ ತಂಜಾವೂರಿನ ಹತ್ತಿರದ ಕಳಿಮೇಡಿನಲ್ಲಿ ತೇರು ಹೈಟೆನ್ಷನ್ ತಂತಿಗೆ ತಾಗಿ 11 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು.

ತೇರನ್ನೇ ಗಿಡ್ಡ ಮಾಡಿ ಎನ್ನುವವರಿದ್ದಾರೆ. ಮೇಲಿನ ಎರಡು ಅಂತಸ್ತು ಬಿದಿರು, ಅಡಿಕೆ ದಬ್ಬೆ, ಬಟ್ಟೆಯದು. ಪ್ರತಿ ವರ್ಷ ಹೊಸದಾಗಿ ಕಟ್ಟುವುದರಿಂದ ಮೂರು ನಾಲ್ಕು ಅಡಿ ಇಳಿಸಬಹುದು. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ 42 ಅಡಿಯನ್ನು 18 ಅಡಿಗೆ ಇಳಿಸಿದರೆ ಉಳಿಯುವುದು ಕೆಳಗಿನ ಮರದ ಗದ್ದುಗೆ ಮಾತ್ರ. ತಂತಿಯನ್ನು ಎರಡೂ ಕಡೆ ಕಂಬದಿಂದ ಇಳಿಸಿ, ಬೀದಿಗೆ ನೇರ ಅಡ್ಡಲಾಗಿ ಪೈಪಿನೊಳಗೆ ಕೇಬಲ್ ಹಾಯಿಸಿ, ಮೇಲೆ ಕಾಂಕ್ರೀಟ್ ಹಾಕಿದರೆ ತಲೆನೋವು ಶಾಶ್ವತವಾಗಿ ಹೋಗುತ್ತದೆ. ಅಂದಾಜುಪಟ್ಟಿಯ ಹಣ ಮೊದಲು ಕಟ್ಟಿದರೆ ಕೆಲಸ ಎನ್ನುತ್ತಾರೆ ವಿದ್ಯುತ್ ಕಂಪನಿಯವರು. ವರ್ಷಕ್ಕೆ 5 ಲಕ್ಷ ರೂಪಾಯಿ ವರಮಾನವೂ ಇಲ್ಲದ ಸಿ ವರ್ಗದ ದೇವಸ್ಥಾನ ನಮ್ಮದು. ಸರ್ಕಾರ ವರ್ಷವರ್ಷ ಕೊಡುವ ತಸ್ತೀಕ್ ಹಣ ಎಣ್ಣೆಬತ್ತಿ, ನೈವೇದ್ಯಕ್ಕೇ ಸರಿಹೋಗುತ್ತದೆ. ಅಷ್ಟಕ್ಕೂ ಬೀದಿ ಪಂಚಾಯಿತಿಯದು, ತಂತಿ ಸರ್ಕಾರಿ ಕಂಪನಿಯದು. ಇದನ್ನು ದೇವಸ್ಥಾನದ ಕೆಲಸ ಎಂದು ಬದಿಗಿಡುವುದು ಸರಿಯಲ್ಲ.

ಇನ್ನು ನೆಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ರಸ್ತೆ ಮಾಡುವವರಿಗೆ ತೇರು ಹೇಗೆ ನಡೆಯುತ್ತದೆ ಎನ್ನುವುದೇ ಗೊತ್ತಿರುವುದಿಲ್ಲ.

ತೇರಿಗೆ ಚುಕ್ಕಾಣಿ ಇಲ್ಲ, ಬ್ರೇಕೂ ಇಲ್ಲ. ಅಚ್ಚು ತೊಲೆಗೆ ಬಿಗಿದಿರುತ್ತದೆ. ಹಗ್ಗ ಎಳೆಯುವವರು ಕೊಡುವುದು ಬರೀ ಬಲ. ದಾರಿ ತೋರಿಸುವುದು, ನಿಲ್ಲಿಸುವುದು ಎರಡೂ ಸನ್ನೆಯ ಕೆಲಸ. ಸನ್ನೆ ಅಂದರೆ ಹುಣಸೆ ಅಥವಾ ಕರಿಜಾಲಿಯ ಚೇಗಿನಲ್ಲಿ ಕಡೆದ ಮುಮ್ಮೂಲೆ ಗಟ್ಟೆ, ಒಂದೂವರೆ ಅಡಿ ಉದ್ದ, ದಪ್ಪನೆಯ ತುದಿಯಲ್ಲಿ ಮುಕ್ಕಾಲು ಅಡಿ ಎತ್ತರ, ಹಿಡಿಯಲು ನಾಲ್ಕಡಿ ಉದ್ದದ ಹಿಡಿಕೆ. ತೇರು ಎಡಕ್ಕೆ ತಿರುಗಬೇಕಾದರೆ ಎಡಗಾಲಿಗೆ ಸನ್ನೆ ಕೊಟ್ಟು ತಡೆಯುತ್ತಾರೆ, ಬಲಗಾಲಿ ಮುಂದೆ ಹೋಗಿ ತೇರಿನ ಮೂತಿ ತಿರುಗುತ್ತದೆ. ನಿಲ್ಲಿಸಬೇಕಾದರೆ ಮುಂದಿನ ಎರಡು ಗಾಲಿಗೂ ಒಟ್ಟಿಗೆ ಬೀಳಬೇಕು. ಒಂದು ಬಿದ್ದು ಇನ್ನೊಂದು ತಪ್ಪಿದರೆ ತೇರು ಗಿರಕಿ ಹೊಡೆದು ಪಕ್ಕದ ಜಗಲಿಗೆ ನುಗ್ಗುತ್ತದೆ. ಸನ್ನೆ ಹಾಕುವವರು ಉರುಳುವ ಗಾಲಿಯ ಮುಂದೆ ಬಗ್ಗಿಕೊಂಡೇ ಹಿಂದೆ ಹಿಂದೆ ಹೆಜ್ಜೆ ಇಡಬೇಕು. ಜಾತ್ರೆಯಲ್ಲಿ ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ.

ಮಣ್ಣಿನ ಬೀದಿಯಿದ್ದಾಗ ಸನ್ನೆ ನೆಲ ಕಚ್ಚಿ ನಿಲ್ಲುತ್ತಿತ್ತು. ಸಿಸಿ ರಸ್ತೆಯ ಮೇಲೆ, ಅದರಲ್ಲೂ ನುಣ್ಣಗೆ ಉಜ್ಜಿದ ಸಿಮೆಂಟಿನ ಮೇಲೆ, ಅದು ಗಾಲಿಯ ಮುಂದೆ ಜಾರಿಕೊಂಡು ಹೋಗುತ್ತದೆ. ಸಾಲದ್ದಕ್ಕೆ ಭಕ್ತರು ತೇರಿನತ್ತ ಎಸೆದ ಬಾಳೆಹಣ್ಣು, ದವನ. ಹಣ್ಣು ಗಾಲಿಯಡಿ ಸಿಕ್ಕಿ ಲೋಳೆಯಾದರೆ ಸನ್ನೆಯೂ ಜಾರುತ್ತದೆ, ಸನ್ನೆಯವನ ಕಾಲೂ ಜಾರುತ್ತದೆ. ಹಣ್ಣು ಎಸೆಯಬೇಡಿ ಎಂದು ಮೈಕಿನಲ್ಲಿ ಕೂಗಿದರೆ ಕೇಳುವವರಿಲ್ಲ, ಅದು ಹರಕೆ. ಮರಳು ಚೆಲ್ಲಿದರೆ ಸರಿಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಗಟ್ಟಿ ನೆಲದ ಮೇಲೆ ತೆಳ್ಳಗೆ ಚೆಲ್ಲಿದ ಮರಳು ಸನ್ನೆಯಡಿ ಉರುಳಿ ಇನ್ನಷ್ಟು ಜಾರಿಸುತ್ತದೆ. ಎರಡು ಮೂರು ಅಂಗುಲ ಕೆಮ್ಮಣ್ಣು ಹಾಸಿ, ನೀರು ಹೊಡೆದು, ದಮ್ಮಸು ಮಾಡಿದರೆ ಮಾತ್ರ ಹಿಡಿತ ಬರುತ್ತದೆ. ಪ್ರತಿ ವರ್ಷ ಅದನ್ನು ಮಾಡುತ್ತೇವೆ, ಜಾತ್ರೆ ಮುಗಿದ ಮೇಲೆ ಆ ಮಣ್ಣು ಚರಂಡಿ ಸೇರುತ್ತದೆ. ಬೀದಿಯನ್ನು ಮತ್ತೆ ಮಾಡಿಸುವಾಗ ಗಾಲಿ ಓಡುವ ಎರಡು ಪಟ್ಟಿಯಷ್ಟಕ್ಕೆ, ತಲಾ ಐದು ಅಡಿ ಅಗಲ, ಒರಟು ಕಲ್ಲು ಚಪ್ಪಡಿ ಹಾಸಿದರೆ ಸಾಕು. ಕಾಂಕ್ರೀಟೇ ಆಗಬೇಕೆಂದರೆ ಹಸಿಯಿದ್ದಾಗಲೇ ಅಡ್ಡ ಗೀರು ಹಾಕಿಸಿ. ಹೇಗೇ ಆಗಲಿ, ಹಳೆಯ ಪದರ ಕಿತ್ತು ಹಾಕಿಸಿ. ಪದರದ ಮೇಲೆ ಪದರ ಹಾಕುತ್ತ ಬೀದಿ ಏರಿದಷ್ಟೂ ಮನೆಗಳ ಸಜ್ಜೆ, ತಂತಿ ಎಲ್ಲ ತೇರಿಗೆ ಹತ್ತಿರವಾಗುತ್ತವೆ.

ನಮ್ಮ ತೇರು ಕಟ್ಟಿ ನಿಂತಾಗ ಮರದ ಲೆಕ್ಕದಲ್ಲಿ 18 ಟನ್ ಹತ್ತಿರ. ಐದು ಅಡಿ ವ್ಯಾಸ, ಎಂಟು ಅಂಗುಲ ದಪ್ಪದ ಒಂದೊಂದು ಗಾಲಿಯೇ 280 ಕಿಲೋ ತೂಗುತ್ತದೆ. ಒಂದು ಗಾಲಿಯ ಮೇಲೆ ನಾಲ್ಕೂವರೆ ಟನ್ ಭಾರ. ಲಾರಿಯ ರಬ್ಬರ್ ಟೈರು ನೆಲದ ಮೇಲೆ ಹರಡಿ ಕೂರುತ್ತದೆ, ತೇರಿನ ಗಾಲಿಯ ಕಬ್ಬಿಣದ ಪಟ್ಟಾ ಬರೀ ಒಂದು ಗೆರೆಯಷ್ಟು ಜಾಗದಲ್ಲಿ ಒತ್ತುತ್ತದೆ. ತೇರು ಹೋಗಿ ತಿರುಗುವ ಪಾದಗಟ್ಟೆಯ ಬಳಿ ಹಿಂಗಾಲಿ ಚರಂಡಿಯ ಮೇಲೆ ಹಾಯದೆ ಬೇರೆ ದಾರಿಯಿಲ್ಲ, ಅಲ್ಲಿರುವುದು ನಾಲ್ಕು ಅಂಗುಲದ ಚಪ್ಪಡಿ, ಅದೂ ಈಗಾಗಲೇ ಬಿರುಕು ಬಿಟ್ಟಿದೆ. ಜೊತೆಗೆ ಮನೆಮನೆಗೆ ನಲ್ಲಿ ಕೊಡುವಾಗ ಬೀದಿಯನ್ನು ಅಡ್ಡಡ್ಡ ಕೊರೆದು, ಸಡಿಲ ಮಣ್ಣು ತುಂಬಿ, ಮೇಲೆ ಒಂದಿಷ್ಟು ಸಿಮೆಂಟು ಬಳಿದು ಹೋಗಿದ್ದಾರೆ. ಗಾಲಿಯಿಂದ ಗಾಲಿಗೆ ಇರುವ ಅಗಲ ಒಂಬತ್ತು ಅಡಿ. ಒಂದು ಕಡೆ ಗಾಲಿ ನಾಲ್ಕು ಅಂಗುಲ ಕುಸಿದರೆ ತುದಿಯ ಕಳಸ ಒಂದೂವರೆ ಅಡಿ ಪಕ್ಕಕ್ಕೆ ವಾಲುತ್ತದೆ. ಅದೇ ಹೊತ್ತಿಗೆ ಮೇಲೆ ನಿಂತ ಹದಿನೈದು ಇಪ್ಪತ್ತು ಜನ ಗಾಬರಿಯಿಂದ ಒಂದೇ ಬದಿಗೆ ಸರಿದರೆ ಮುಂದಿನದು ದೇವರೇ ಗತಿ. ತೇರಿನ ಮೇಲೆ ಅರ್ಚಕರು, ಅವರ ಇಬ್ಬರು ಸಹಾಯಕರು, ಹಗ್ಗ ಎಳೆಯುವವರಿಗೆ ಬಾವುಟ ಬೀಸುವವನೊಬ್ಬ. ಇಷ್ಟೇ ಜನ ಇರಬೇಕು. ಮಿಕ್ಕವರನ್ನು ಹತ್ತಿಸಿಕೊಳ್ಳಿ ಎಂದು ನಿಮ್ಮ ಕಡೆಯಿಂದ ಫೋನು ಬರದಿದ್ದರೆ ಅದೇ ದೊಡ್ಡ ಉಪಕಾರ.

ಮೂರನೆಯದು ಅಚ್ಚು. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನಲ್ಲಿ ಅಚ್ಚು ಮುರಿದು ಸಾವಿರಾರು ಜನರ ನಡುವೆ ತೇರು ಉರುಳಿದ್ದನ್ನು ನಾಡೇ ನೋಡಿದೆ. ಅಚ್ಚು ಕೆಡುವುದು ಕಣ್ಣಿಗೆ ಬೀಳುವ ಕಡೆ ಅಲ್ಲ. ಗಾಲಿಯ ಗುಂಬದೊಳಗೆ (ಅಚ್ಚು ತೂರುವ ನಡುಭಾಗ) ಕೀಲೆಣ್ಣೆ, ಧೂಳು, ಮಳೆಯ ತೇವ ಸೇರಿ ಮರ ಒಳಗಿಂದಲೇ ಬೂಸಲಾಗುತ್ತದೆ. ಹೊರಗೆ ಕಬ್ಬಿಣದ ಬಳೆ ಇರುವುದರಿಂದ ಬಿರುಕೂ ಕಾಣದು. ಗಾಲಿ ಕಳಚಿ, ಬಳೆ ಸರಿಸಿ, ಕೊಡತಿಯಲ್ಲಿ ತಟ್ಟಿ ನೋಡಬೇಕು. ಗಟ್ಟಿ ಮರ ಠಣ್ ಎನ್ನುತ್ತದೆ, ಒಳಗೆ ಹಾಳಾಗಿದ್ದರೆ ಬೊದ್ ಎನ್ನುತ್ತದೆ. ಅನುಮಾನ ಬಂದ ಕಡೆ ಸಣ್ಣ ಬೈರಿಗೆ ಇಳಿಸಿದರೆ ಹೊರಬರುವ ಪುಡಿಯೇ ಹೇಳುತ್ತದೆ. ಈಗ ನಡೆಯುವುದೇನು? ತೇರಿನ ಹಿಂದಿನ ದಿನ, ಗದ್ದುಗೆಗೆ ಬಟ್ಟೆ ಸುತ್ತಿ ಹೂವು ಕಟ್ಟಿದ ಮೇಲೆ ಎಂಜಿನಿಯರು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ ಸಹಿ ಮಾಡುತ್ತಾರೆ. ಆ ಹೊತ್ತಿನಲ್ಲಿ 'ಎಳೆಯಬೇಡಿ' ಎಂದು ಬರೆಯುವ ಎದೆಗಾರಿಕೆ ಯಾರಿಗೂ ಇರುವುದಿಲ್ಲ, ಬರೆದರೂ ಜನ ಕೇಳುವುದಿಲ್ಲ. ತಪಾಸಣೆ ಶಿವರಾತ್ರಿ ಹೊತ್ತಿಗೇ ಆಗಬೇಕು.

ಅಚ್ಚು ಬದಲಿಸಬೇಕಾಗಿ ಬಂದರೆ ಅಡಿ ದಪ್ಪದ, ಹನ್ನೆರಡು ಅಡಿ ಉದ್ದದ, ಗಂಟಿಲ್ಲದ ಹೊನ್ನೆ ಅಥವಾ ಮತ್ತಿಯ ದಿಮ್ಮಿ ಬೇಕು. ಅಂಥದ್ದು ಸಾಮಿಲ್ಲಿನಲ್ಲಿ ಸಿಗುವುದಿಲ್ಲ. ಸಿಕ್ಕರೂ ನೆರಳಿನಲ್ಲಿ ವರ್ಷಗಟ್ಟಲೆ ಆರಬೇಕು. ಹಸಿ ಮರ ಹಾಕಿದರೆ ಕುಗ್ಗಿ ಗಾಲಿ ಲೊಡಲೊಡ ಎನ್ನುತ್ತದೆ, ಕಡಾಣಿಯ (ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಕೀಲು) ತೂತಿನಿಂದಲೇ ಸೀಳು ಶುರುವಾಗುತ್ತದೆ. ಅರಣ್ಯ ಇಲಾಖೆಯ ಡಿಪೋದಿಂದ ಎರಡು ದಿಮ್ಮಿ ಈಗಲೇ ಕೊಡಿಸಿದರೆ ತೇರಿನ ಮನೆಯಲ್ಲಿ ಆರಲು ಇಡುತ್ತೇವೆ. ಉಕ್ಕಿನ ಅಚ್ಚಿಗೂ ನಮ್ಮ ಅಡ್ಡಿಯಿಲ್ಲ. ತಮಿಳುನಾಡಿನ ತಿರುವಾರೂರಿನ ದೊಡ್ಡ ತೇರಿಗೆ ತಿರುಚ್ಚಿಯ ಬಿಎಚ್‌ಇಎಲ್‌ನವರು ಹೈಡ್ರಾಲಿಕ್ ಬ್ರೇಕನ್ನೇ ಕೂರಿಸಿದ್ದಾರೆ, ದೇವರು ಮುನಿದಿಲ್ಲ. ಮರದ ಗಾಲಿಗೆ ಉಕ್ಕಿನ ಅಚ್ಚು ಹಾಕುವುದಾದರೆ ಗುಂಬದೊಳಗೆ ಬುಷ್ (ಲೋಹದ ಒಳಬಳೆ) ಕೂರಿಸಲೇಬೇಕು, ಇಲ್ಲದಿದ್ದರೆ ಗುಂಬ ಸವೆದು ಅಗಲವಾಗುತ್ತದೆ. ತಡ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಚಾಮರಾಜನಗರ ನೋಡಿ: 2017ರಲ್ಲಿ ಚಾಮರಾಜೇಶ್ವರನ ತೇರಿಗೆ ಬೆಂಕಿ ಬಿದ್ದ ಮೇಲೆ ಹೊಸ ತೇರಿನಲ್ಲಿ ರಥೋತ್ಸವ ನಡೆದದ್ದು 2022ರ ಆಷಾಢದಲ್ಲಿ.

ಇನ್ನೊಂದು ಮಾತು, ಬೇಸರಿಸಬೇಡಿ. ಮುಹೂರ್ತ ಮಧ್ಯಾಹ್ನ 12ರ ಆಸುಪಾಸಿಗೆ ಇರುತ್ತದೆ. ಗಣ್ಯರು ಬರಲಿ ಎಂದು ಕಾಯುತ್ತ ತೇರು ಹೊರಡುವುದು ನಾಲ್ಕಕ್ಕೆ. ಯುಗಾದಿ ಕಳೆದ ಮೇಲೆ ನಮ್ಮ ಕಡೆ ಗಾಳಿಮಳೆ ಏಳುವುದು ಸರಿಯಾಗಿ ಅದೇ ಹೊತ್ತಿಗೆ. ಬಟ್ಟೆ ಸುತ್ತಿದ ಮೇಲಂತಸ್ತು ಗಾಳಿಯನ್ನೆಲ್ಲ ತಡೆದು ನಿಲ್ಲುತ್ತದೆ. ಆನೇಕಲ್ ತಾಲ್ಲೂಕಿನ ಹುಸ್ಕೂರು ಜಾತ್ರೆಯಲ್ಲಿ 2024ರಲ್ಲಿ ನೂರಡಿ ಮೀರಿದ ತೇರು ಉರುಳಿತ್ತು, 2025ರ ಮಾರ್ಚ್‌ನಲ್ಲಿ ಗಾಳಿಮಳೆಗೆ ಮತ್ತೆ ತೇರುಗಳು ಬಿದ್ದು ಜೀವವೂ ಹೋಯಿತು. ಹನ್ನೆರಡಕ್ಕೇ ಬನ್ನಿ, ಮೊದಲು ಹಗ್ಗ ಮುಟ್ಟುವವರು ನೀವೇ ಆಗಿ. ಬರಲಾಗದಿದ್ದರೆ ತೇರು ಹೊರಡಲಿ, ಪಾದಗಟ್ಟೆಯ ಹತ್ತಿರ ಪೂಜೆ ಮಾಡಿಸೋಣ. ಹಗ್ಗದ ವಿಚಾರ ಬಂದದ್ದರಿಂದ ಹೇಳುತ್ತೇವೆ: ಅದಕ್ಕೆ ಕೈ ಹಾಕಲು ಊರಿನ ಯಾವ ಕೇರಿಯವರಿಗೂ ಅಡ್ಡಿಯಿರಕೂಡದು, ಇದನ್ನು ಶಾಂತಿಸಭೆಯಲ್ಲಿ ನೀವೇ ಬಾಯಿಬಿಟ್ಟು ಹೇಳಬೇಕು. ನೈಲಾನ್ ಹಗ್ಗ ಕೊಡಿಸುತ್ತೇವೆ ಎಂದವರಿಗೆ ಬೇಡ ಎಂದಿದ್ದೇವೆ. ಅದು ಜಗ್ಗಿದಷ್ಟೂ ಹಿಗ್ಗಿ, ಕಿತ್ತರೆ ಹಿಂದಕ್ಕೆ ಚಾಟಿಯಂತೆ ಬೀಸುತ್ತದೆ. ತೆಂಗಿನ ನಾರಿನದೇ ಸಾಕು.

ಸನ್ನೆಯವರ ವಿಮೆಗೆ ನಿಮ್ಮನ್ನು ಕೇಳುತ್ತಿಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಇದೆ, ಅದನ್ನು ನಾವೇ ಮಾಡಿಸುತ್ತೇವೆ.

ನಿಮ್ಮಿಂದ ಆಗಬೇಕಾದ್ದು ಈ ತಿಂಗಳೊಳಗೆ ಮೂರು ಪತ್ರ: ಕೇಬಲ್ ಕೆಲಸದ ಅಂದಾಜುಪಟ್ಟಿಗೆ ವಿದ್ಯುತ್ ಕಂಪನಿಗೊಂದು, ಗಾಲಿಪಟ್ಟಿ ಮತ್ತು ಚರಂಡಿ ಚಪ್ಪಡಿಗೆ ಪಂಚಾಯತ್ ರಾಜ್ ಎಂಜಿನಿಯರಿಗೊಂದು, ದಿಮ್ಮಿಗೆ ಅರಣ್ಯ ಇಲಾಖೆಗೊಂದು. ಚಪ್ಪಡಿಯನ್ನು ಎಂಟು ಅಂಗುಲ ದಪ್ಪಕ್ಕೆ, ಎರಡು ಪದರ ಕಂಬಿ ಹಾಕಿ ಮಾಡಲು ಹೇಳಿ. ಕಾಂಕ್ರೀಟಿಗೆ 28 ದಿನವಾದರೂ ನೀರು ಕುಡಿದು ಗಟ್ಟಿಯಾಗುವ ಸಮಯ ಬೇಕು, ಆದ್ದರಿಂದ ಶಿವರಾತ್ರಿಗೆ ಮೊದಲೇ ಹಾಕಿ ಮುಗಿಸಬೇಕು. ತೇರು ನೋಡಲು ಎಂಜಿನಿಯರನ್ನು ಕಳಿಸುವ ಹಿಂದಿನ ದಿನ ತಿಳಿಸಿದರೆ ಸಾಕು, ಜಾಕಿ ಕೊಟ್ಟು ನಾಲ್ಕೂ ಗಾಲಿ ಕಳಚಿ ಇಟ್ಟಿರುತ್ತೇವೆ.

ಇಂತಿ,
ತೇರಿನ ಕೈವಾಡಸ್ಥರು ಮತ್ತು ಸನ್ನೆ ಹಾಕುವವರು